ಟೋಪಿ ಕಂಕುಳಲ್ಲಿದ್ದರೆ

"ಎತ್ತಿ, ಎತ್ತಿ... ಈಗ ಎಡಕ್ಕೆ! ನಿಮ್ಮ ಎಡ ಅಲ್ಲ ರೀ, ನನ್ನ ಎಡ!"

ಪೆಟ್ಟಿಗೆಯ ತಲೆಯ ಭಾಗ ಅಡುಗೆಮನೆಯ ಹಿಂಬಾಗಿಲು ದಾಟಿ ಎರಡು ಗೇಣು ಆಚೆ ಹೋಗಿ ನಿಂತಿತು. ಕಾಲಿನ ಭಾಗ ಪಾತ್ರೆ ತೊಳೆಯುವ ಕಟ್ಟೆಗೆ ಕಚ್ಚಿಕೊಂಡಿತು. ಇನ್ನು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಗ್ಯಾಸ್ ಸಿಲಿಂಡರಿಗೆ ಬೆನ್ನು ಒತ್ತಿಕೊಂಡು ನಿಂತಿದ್ದ ಅಳಿಯನ ಹಣೆಯ ಬೆವರು ಮುಚ್ಚಳದ ಮೇಲೆ ಟಪ್ ಎಂದು ಬಿತ್ತು. ಅವನು ಬಡಗಿ. ಅತ್ತೆಯ ಶವಪೆಟ್ಟಿಗೆಯನ್ನು ಬೆಳಗಿನಿಂದ ತಾನೇ ಕೂತು ಮಾಡಿದ್ದ. ಎಲ್ಲ ಅಳತೆಯನ್ನೂ ತೆಗೆದುಕೊಂಡಿದ್ದ, ಬಾಗಿಲಿನದೊಂದು ಬಿಟ್ಟು.

"ಟೆನ್ಷನ್ ಬೇಡ. ಮೂರನೇ ಮಹಡಿಗೆ ಸೋಫಾ ಏರಿಸಿರೋ ಕೈ ಇದು. ಒಂದ್ ಸ್ವಲ್ಪ ಓರೆ ಮಾಡಿ, ನೆಟ್ಟಗೆ ನಿಲ್ಲಿಸಿದ್ರೆ..."

"ನಮ್ಮಮ್ಮ ಸೋಫಾ ಅಲ್ಲ ರೀ," ಎಂದಳು ಅವನ ಹೆಂಡತಿ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಅವಳು. ಅಳುವಾಗಲೂ ಕೈಗಡಿಯಾರ ನೋಡುತ್ತಿದ್ದಳು. "ವ್ಯಾನಿನವನಿಗೆ ನಾಲ್ಕು ಗಂಟೆ ಅಂತ ಹೇಳಿದ್ದು. ಈಗ ಮೂರೂ ಹತ್ತು."

ಪೆಟ್ಟಿಗೆಯ ಇನ್ನೊಂದು ಮೂಲೆ ಹಿಡಿದಿದ್ದವನು ಸ್ಪ್ಯಾನರ್ ಮಾಮ. ಸತ್ತವಳ ಗಂಡ ಸೈನ್ಯದಲ್ಲಿ ಟ್ರಕ್ ಓಡಿಸುತ್ತಿದ್ದಾಗ ಆ ಟ್ರಕ್ಕಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದವನು ಇವನೇ. ವಯಸ್ಸು ಎಂಬತ್ತರ ಹತ್ತಿರ. ಯಾವ ಮಾತನ್ನೂ ಸುಮ್ಮನೆ ಆಡುವವನಲ್ಲ, ಸಿನಿಮಾ ಹೀರೋನ ಹಾಗೆ ಕೊನೆಯಲ್ಲಿ ಶಿಳ್ಳೆ ಬೀಳುವಷ್ಟು ಜಾಗ ಬಿಟ್ಟು ಆಡುವವನು.

"ತುಂಬಿದ ಹೊಳೆಯಲ್ಲಿ ಟ್ರಕ್ಕನ್ನೇ ಹಗ್ಗ ಕಟ್ಟಿ ಎಳೆದ ಕೈ ಕಣ್ರೋ ಇದು! ಇವತ್ತು ಎರಡೂವರೆ ಅಡಿ ಬಾಗಿಲು ನನಗೇ ಸವಾಲ್ ಹಾಕ್ತಿದೆ." ಸ್ವಲ್ಪ ತಡೆದು, "ಬೆನ್ನು ಹಿಡ್ಕೊಂತು. ಕೆಳಗಿಡಿ," ಎಂದ.

ಇಟ್ಟರು. ಎಲ್ಲರೂ ಒಂದೇ ಸಲ ತಿರುಗಿ ಹಜಾರದ ಕಡೆ ನೋಡಿದರು.

ಹಜಾರದ ಆ ಕೊನೆಯಲ್ಲಿ ಮುಂಬಾಗಿಲಿತ್ತು. ಎರಡು ರೆಕ್ಕೆಯ, ಅಗಲವಾದ, ಬೀದಿಗೇ ತೆರೆಯಬೇಕಾದ ಬಾಗಿಲು. ಮೇಲೊಂದು ಚಿಲಕ, ಕೆಳಗೊಂದು ಚಿಲಕ, ನಡುವೆ ಕಬ್ಬಿಣದ ಅಡ್ಡಪಟ್ಟಿ. ಇಷ್ಟೂ ಸಾಲದೆಂಬಂತೆ ಅದಕ್ಕೆ ಒತ್ತಿ ಇಟ್ಟ ಕಪ್ಪು ಟ್ರಂಕು. ಈ ಮನೆಗೆ ಬಂದು ಮೂವತ್ತೊಂಬತ್ತು ವರ್ಷವಾಯಿತು, ಆ ಬಾಗಿಲು ಒಮ್ಮೆಯೂ ತೆರೆದಿರಲಿಲ್ಲ. ಮಗಳ ಮದುವೆ ಮಾತಿಗೆ ಬಂದವರು ಪಾತ್ರೆಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದಿದ್ದರು. ಗಂಡ ಹಾಸಿಗೆಯಲ್ಲೇ ತೀರಿಕೊಂಡಾಗಲೂ ಸಪೂರ ಸ್ಟ್ರೆಚರಿನಲ್ಲಿ ಹಿಂಬಾಗಿಲಿನಿಂದಲೇ ಹೋಗಿದ್ದ. ಮುಂಬಾಗಿಲಿಗೆ ಕೈ ಹಾಕಿದವರಿಗೆ ಒಳಗಿನಿಂದ ಒಂದು ಕೂಗು ಬರುತ್ತಿತ್ತು: "ಹಿಂದಿನಿಂದ ಬಾ!" ಆ ಗಂಟಲಿಗೇ ಬೀದಿಯವರು ಈಗ ಪೆಟ್ಟಿಗೆಯಲ್ಲಿರುವವಳನ್ನು ಕಮಾಂಡರ್ ಎಂದು ಕರೆಯುತ್ತಿದ್ದುದು.

"ಇನ್ನೇನು, ಮುಂದಿನ ಬಾಗಿಲು ತೆಗೀರಿ," ಎಂದಳು ಟೈಮ್‌ಕೀಪರ್.

"ಬೇಡ."

ಹೇಳಿದ್ದು ಸೊಸೆ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಡಾಕ್ಟರುಗಳ ಕೋಳಿಕಾಲಿನ ಅಕ್ಷರವನ್ನೂ ಗಟ್ಟಿ ಧ್ವನಿಯಲ್ಲಿ ಓದಿಬಿಡುವ ಹೆಂಗಸು. ಈಗ ಅವಳ ಧ್ವನಿ ಅವಳಿಗೇ ಕೇಳಿಸುವಂತಿರಲಿಲ್ಲ. ಅವಳ ಗಂಡ, ಕಮಾಂಡರಿನ ಒಬ್ಬನೇ ಮಗ, ಗಡಿಯ ಮೇಲಿದ್ದ. ಪ್ರತಿ ಭಾನುವಾರ ಫೋನು ಮಾಡುವವನು ಎರಡು ಭಾನುವಾರದಿಂದ ಮಾಡಿರಲಿಲ್ಲ. ಇವತ್ತಿಗೆ ಹದಿನಾರು ದಿನ. ತಾಯಿ ಹೋದ ಸುದ್ದಿ ಹೇಳಲು ನಿನ್ನೆ ಅವನ ದಳದ ಕಚೇರಿಗೆ ಫೋನು ಮಾಡಿದರೆ, "ತಿಳಿಸ್ತೀವಿ" ಎಂದಷ್ಟೇ ಹೇಳಿ ಇಟ್ಟಿದ್ದರು.

"ಅತ್ತಿಗೆ, ಹೊದಿಕೆಯಲ್ಲಿ ಎತ್ಕೊಂಡು ಹಿಂದಿನಿಂದ್ಲೇ ಹೋಗೋಣ. ಖಾಲಿ ಪೆಟ್ಟಿಗೆ ನೆಟ್ಟಗೆ ನಿಲ್ಸಿ ದಾಟ್ಸಿ, ಹೊರಗೆ ಅದರಲ್ಲಿ ಮಲಗಿಸೋಣ. ಆ ಬಾಗಿಲು ಮಾತ್ರ ಬೇಡ."

"ಮೂಟೆ ಥರಾನಾ? ಬದುಕೆಲ್ಲ ಕಳ್ಳರ ಥರ ಹಿಂಬಾಗಿಲಲ್ಲಿ ಓಡಾಡಿದ್ಲು ನಮ್ಮಮ್ಮ. ಇವತ್ತೊಂದಿನ ಮುಂದಿನಿಂದ ಹೋಗ್ಲಿ ಬಿಡೆ."

"ಅತ್ತಿಗೆ, ಅವರು ಇನ್ನೂ ಫೋನ್ ಮಾಡಿಲ್ಲ."

ಅಷ್ಟೇ ಹೇಳಿದಳು. ಅದಕ್ಕೂ ಬಾಗಿಲಿಗೂ ಏನು ಸಂಬಂಧವೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

*

ಈ ಮನೆಗೆ ಬರುವ ಮೊದಲು ಕಮಾಂಡರ್ ಇದ್ದದ್ದು ಸೈನಿಕರ ಕುಟುಂಬಗಳ ವಸತಿಯಲ್ಲಿ. ಅಲ್ಲಿ ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದಂಥ ಅರವತ್ತು ಮನೆಗಳಿದ್ದವು. ಯಾರ ಮನೆ ಯಾವುದೆಂದು ತಿಳಿಯಬೇಕಾದರೆ ಬಾಗಿಲ ಮೇಲಿನ ಸಂಖ್ಯೆಯನ್ನೋ, ಒಣಗಹಾಕಿದ ಬಟ್ಟೆಯನ್ನೋ ನೋಡಬೇಕು. ಆ ವಾರ ಸುಣ್ಣ ಬಳಿದಿದ್ದರು. ಸಂಖ್ಯೆಗಳೆಲ್ಲ ಸುಣ್ಣದ ಅಡಿ ಸೇರಿದ್ದವು.

ಅವಳಿಗೆ ಆಗ ಇಪ್ಪತ್ತನಾಲ್ಕು. ಕಂಕುಳಲ್ಲಿ ಮಗಳು. ಗಂಡನ ಟ್ರಕ್ಕು ಗುಂಡು ಹಾರುವ ಕಡೆಗೆ ಹೋಗಿ ತಿಂಗಳಾಗಿತ್ತು. ಪಕ್ಕದ ಮನೆಯವಳಿಂದ ಕತ್ತರಿ ಇಸಿದುಕೊಂಡು ಬಂದು ಕಿಟಕಿಯ ಪರದೆಗೆ ಬಟ್ಟೆ ಕತ್ತರಿಸುತ್ತಿದ್ದಳು. ಬಾಗಿಲು ಬಡಿದರು. ಕತ್ತರಿ ಹಿಡಿದುಕೊಂಡೇ ತೆಗೆದಳು.

ಇಬ್ಬರು. ಇಸ್ತ್ರಿ ಮುರಿಯದ ಸಮವಸ್ತ್ರ. ಟೋಪಿ ತಲೆಯ ಮೇಲಿರಲಿಲ್ಲ, ಎಡಗಂಕುಳಲ್ಲಿತ್ತು.

ಅವರಲ್ಲಿ ಹಿರಿಯವನು ಒಂದು ಹೆಸರು ಹೇಳಿ, "ಅವರ ಮನೆಯವರು ನೀವೇನಾ?" ಎಂದ.

ಅದು ಅವಳ ಗಂಡನ ಹೆಸರಾಗಿರಲಿಲ್ಲ.

"ಅಲ್ಲ! ಅಲ್ಲಲ್ಲ, ನಾನಲ್ಲ!" ಎಂದಳು. ಜಾತ್ರೆಯಲ್ಲಿ ಕಳೆದುಹೋದ ಮಗು ಸಿಕ್ಕವರ ಧ್ವನಿ ಅದು. ನಗುವೂ ಬಂದಿತ್ತು. ಆ ನಗು ಮುಖದ ಮೇಲಿರುವಾಗಲೇ ಕತ್ತರಿ ಎತ್ತಿ ಪಕ್ಕದ ಮನೆ ತೋರಿಸಿದಳು. "ಅಲ್ಲಿ. ಆ ಮನೆ."

ಇಬ್ಬರೂ ಕತ್ತರಿಯ ತುದಿ ನೋಡಿ ಅತ್ತ ನಡೆದರು. ಪಕ್ಕದ ಮನೆಯವಳು ಒಳಗೆ ಪಾತ್ರೆ ತೊಳೆಯುತ್ತ ಜೋರಾಗಿ ಹಾಡಿಕೊಳ್ಳುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು.

ಹಾಡು ಅರ್ಧಕ್ಕೆ ನಿಂತಿತು.

*

"ಕಿಟಕಿ ಕಂಬಿ ಕೊಯ್ದ್ರೆ?" ಎಂದ ಸ್ಪ್ಯಾನರ್ ಮಾಮ.

"ಕೊಯ್ಯೋಕೆ ಒಂದು ಗಂಟೆ, ಆಮೇಲೆ ಅತ್ತೆ ಮೇಲಿಂದ ಇಳ್ದು ಬಂದು ನನ್ನ ಕೊಯ್ಯೋಕೆ ಒಂದ್ ನಿಮಿಷ," ಎಂದ ಅಳಿಯ.

ಪೆಟ್ಟಿಗೆಯನ್ನು ಹೇಗೋ ಹಿಂದಕ್ಕೆಳೆದು ಹಜಾರದ ನಡುವೆ ತಂದಿಟ್ಟಿದ್ದರು. ಸೊಸೆ ಹೋಗಿ ಟ್ರಂಕಿನ ಮೇಲೆ ಕುಳಿತುಬಿಟ್ಟಿದ್ದಳು, ಥೇಟ್ ಅತ್ತೆ ಕೂರುತ್ತಿದ್ದ ಹಾಗೆ, ಬೆನ್ನನ್ನು ಬಾಗಿಲಿಗೆ ಒತ್ತಿ. ಆ ಮನೆಗೆ ಬಂದ ಹೊಸದರಲ್ಲಿ ಈ ಬಾಗಿಲಿನ ಕಟ್ಟಳೆ ಕೇಳಿ ಬಿದ್ದು ಬಿದ್ದು ನಕ್ಕವಳು ಅವಳೇ. ಮೊದಲ ಭಾನುವಾರ ಫೋನು ಬಾರದಿದ್ದಾಗ ನಗುವುದು ಬಿಟ್ಟಳು. ಅದರ ಮರುದಿನದಿಂದ, ಅಂಗಡಿಯಿಂದ ಬಂದೊಡನೆ ಎರಡೂ ಚಿಲಕ, ಅಡ್ಡಪಟ್ಟಿ ಮುಟ್ಟಿ ನೋಡತೊಡಗಿದಳು.

ಸ್ಪ್ಯಾನರ್ ಮಾಮ ಕಿಟಕಿಯಿಂದ ಬೀದಿ ನೋಡಿದ. "ಇನ್ನೊಂದ್ ಸ್ವಲ್ಪ ಕಾಯೋಣ. ಆತುರ ಏನಿದೆ?"

"ಯಾತಕ್ಕೆ ಕಾಯ್ಬೇಕು ಮಾಮ? ಆವಾಗಿಂದ ಅದೇ ಹೇಳ್ತಿದ್ದೀರಿ."

"ಸುಮ್ನೆ ಕಣಮ್ಮ," ಎಂದು ಮಾತು ನುಂಗಿದ. ಅವನು ಮಾತು ನುಂಗುವುದು ಅಪರೂಪ. ಆದರೆ ಯಾರಿಗೂ ಅದರ ಮೇಲೆ ಗಮನವಿರಲಿಲ್ಲ.

ಟೈಮ್‌ಕೀಪರ್ ಸೊಸೆಯ ಎದುರು ನೆಲದ ಮೇಲೆ ಕುಳಿತಳು. "ಅಪ್ಪ ಮಾಡಿದ ತಮಾಷೆ ಕೇಳಿದ್ದೀಯಲ್ಲ? ಈ ಬಾಗಿಲು ಮುಚ್ಚಿಟ್ರೆ ಕೆಟ್ಟ ಸುದ್ದಿಗಿಂತ ಒಳ್ಳೇ ಸುದ್ದೀನೇ ಜಾಸ್ತಿ ಹೊರಗೆ ನಿಂತ್ಕೊಂಡಿರುತ್ತೆ ಕಣೆ."

*

ಟ್ರಕ್ ಓಡಿಸುವವನು ಭಾರಿ ತರಲೆ. ಈ ಮನೆಗೆ ಬಂದ ಎರಡನೆಯ ವರ್ಷ, ರಜೆ ಸಿಕ್ಕಿದ್ದನ್ನು ಕಾಗದದಲ್ಲಿ ಬರೆಯದೆ ಹೊರಟುಬಂದ. ಹೆಂಡತಿಯನ್ನು ಬೆಚ್ಚಿಬೀಳಿಸಬೇಕೆಂದು ಮುಂಬಾಗಿಲಿಗೇ ಹೋದ. ಬಿಸಿಲಿತ್ತು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಗಂಭೀರವಾಗಿ, ಸರ್ಕಾರಿ ಶೈಲಿಯಲ್ಲಿ, ಮೂರು ಸಲ ಬಡಿದ.

ಒಳಗೆ ಬಾಗಿಲ ಸಂದಿಯಿಂದ ಅವಳಿಗೆ ಕಂಡದ್ದು ಒಂದು ತೋಳು, ಆ ತೋಳಿನ ಕೆಳಗೊಂದು ಟೋಪಿ. ಅಷ್ಟೇ. ಮಗಳ ಬಾಯಿ ಮುಚ್ಚಿ ಎತ್ತಿಕೊಂಡು, ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು, ಹಿಂಬಾಗಿಲಿನಿಂದ ಓಡಿದಳು. ಎರಡು ಬೀದಿ ಆಚೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಒದ್ದೆ ಹಾಸಿಗೆಬಟ್ಟೆಗಳ ಹಿಂದೆ ಅವಿತು ಕುಳಿತಳು. ಹಾಲು ಉಕ್ಕಿ, ಸೀದು, ಹೊಗೆ ಬಂದು, ಬೀದಿಯವರು ಸೇರಿ ನೀರು ಹೊತ್ತರು. ಗಂಡನೂ ನೀರು ಹೊತ್ತ. ಆಮೇಲೆ ಮೆಟ್ಟಿಲ ಮೇಲೆ ಐದು ಗಂಟೆ ಕಾಲ ಕುಳಿತ.

ಕೊನೆಗೆ ಅವನೇ ಹುಡುಕಿಕೊಂಡು ಹೋದ. ಒದ್ದೆ ಬಟ್ಟೆಯ ಆಚೆಯಿಂದ ಕೂಗಿದ. "ನಾನು ಕಣೇ! ಬದುಕಿದ್ದೀನಿ!"

ಈಚೆಯಿಂದ ಉತ್ತರ ಬಂತು. "ಅದನ್ನ ನೀವೇ ಹೇಳಿದ್ರೆ ನಂಬಬೇಕಾ?"

ಬಟ್ಟೆ ಸರಿಸಿ ಅವನ ಮುಖ ನೋಡಿದಳು. ಕೆನ್ನೆ ಮುಟ್ಟಿದಳು. ಆಮೇಲೆ ಅವನ ಕಂಕುಳಿನ ಟೋಪಿ ಕಿತ್ತುಕೊಂಡು ಅದರಲ್ಲೇ ಬಾರಿಸಿದಳು. ಅಂಗಡಿಯವರು ಬಂದು ಬಿಡಿಸುವವರೆಗೂ ಬಾರಿಸಿದಳು. ಮರುದಿನ ಮುಂಬಾಗಿಲಿಗೆ ಟ್ರಂಕು ಬಂತು.

*

"ತಂಗಿ, ಎದ್ದೇಳಮ್ಮ," ಎಂದ ಅಳಿಯ. "ನೀನು ಕೂತಿರೋ ಟ್ರಂಕನ್ನ ಅಲ್ಲಾಡ್ಸೋ ತಾಕತ್ತು ನನಗಿಲ್ಲ. ಇದರಲ್ಲೇನಿದೆ ಅಂತ ಮದುವೆಯಾದಾಗಿಂದ ತಲೆ ಕೆಡಿಸ್ಕೊಂಡಿದ್ದೀನಿ. ಒಡವೆ ಗಿಡವೆ..."

ಸೊಸೆ ಏಳಲಿಲ್ಲ. ಟೈಮ್‌ಕೀಪರ್ ಅವಳ ಎರಡೂ ಕೈ ಹಿಡಿದುಕೊಂಡಳು. ಕೈ ತಣ್ಣಗಿದ್ದವು, ಇಬ್ಬರದೂ.

"ನಿನಗೆ ಗಂಡ. ನನಗೆ ತಮ್ಮ. ನಾನೇ ಎತ್ತಿ ಆಡ್ಸಿದೋನು. ನನಗೆ ಹೆದರಿಕೆ ಇಲ್ಲ ಅಂದ್ಕೊಂಡ್ಯಾ? ಗಡಿಯಾರ ನೋಡ್ತಿದ್ದೀನಲ್ಲ ಆವಾಗಿಂದ, ಒಂದ್ಸಲಾನೂ ಟೈಮ್ ಕಂಡಿಲ್ಲ ಕಣೆ. ಬಾಯಿಗೆ ಬಂದಿದ್ದು ಹೇಳ್ತಿದ್ದೀನಿ."

ಸೊಸೆ ಎದ್ದಳು. ಅಳಿಯ ಟ್ರಂಕಿನ ಬೀಗ ಮೀಟಿ ಮುಚ್ಚಳ ಎತ್ತಿದ. ಎಲ್ಲರೂ ಬಗ್ಗಿದರು.

ಇಟ್ಟಿಗೆ. ಸಾಲಾಗಿ, ಅಚ್ಚುಕಟ್ಟಾಗಿ ಜೋಡಿಸಿದ ಇಟ್ಟಿಗೆ.

"ಅತ್ತೆ," ಎಂದ ಅಳಿಯ ಪೆಟ್ಟಿಗೆಯ ಕಡೆ ತಿರುಗಿ, ತೀರಾ ನೊಂದ ಧ್ವನಿಯಲ್ಲಿ, "ಇದು ಮೋಸ."

ಸ್ಪ್ಯಾನರ್ ಮಾಮ ನಕ್ಕ. ಟೈಮ್‌ಕೀಪರೂ ಅಳುತ್ತಲೇ ನಕ್ಕಳು. ಇಟ್ಟಿಗೆ ತೆಗೆದು ಗೋಡೆಯ ಬದಿಗೆ ಪೇರಿಸಿದರು. ಮೂವತ್ತಿದ್ದವು. ತಳದಲ್ಲಿ ಬಟ್ಟೆ ಸುತ್ತಿದ ಒಂದು ಕತ್ತರಿ ಸಿಕ್ಕಿತು.

"ಇದ್ಯಾಕೆ ಇಲ್ಲಿಟ್ಟಿದ್ಲು?" ಎಂದಳು ಮಗಳು. "ನಮ್ಮನೇದಲ್ಲ ಇದು."

ಯಾರದೆಂದು ಸೊಸೆಗೆ ಗೊತ್ತಿತ್ತು. ಕೈ ಚಾಚಿ ತೆಗೆದುಕೊಂಡಳು.

*

ಹೋದ ವಾರ ಜ್ವರ ಏರಿದಾಗಲೂ ಕಮಾಂಡರ್ ಟ್ರಂಕು ಬಿಟ್ಟು ಏಳಲಿಲ್ಲ. ಸೊಸೆ ಮಾತ್ರೆ ಹಿಡಿದುಕೊಂಡು ಮುಂದೆ ನಿಂತಿದ್ದಳು.

"ನೋಡು, ಟೋಪಿ ತಲೆ ಮೇಲಿದ್ರೆ ಏನೂ ಇಲ್ಲ. ಕಾಗದ ಕೊಡೋಕೆ, ಸಹಿ ಹಾಕ್ಸೋಕೆ ಬಂದಿರ್ತಾರೆ. ನೀರು ಕೊಟ್ಟು ಕಳ್ಸು. ಕಂಕುಳಲ್ಲಿದ್ರೆ..."

"ಅತ್ತೆ, ಬಾಗಿಲು ತೆಗೀದೇ ಇದ್ರೆ ಆಗಿದ್ದು ಆಗದೇ ಇರುತ್ತಾ?"

ಮುದುಕಿ ಅವಳನ್ನೇ ನೋಡಿದಳು. ಆಮೇಲೆ, ಗಂಡನಿಗಾಗಲಿ ಮಗಳಿಗಾಗಲಿ ಎಂದೂ ಹೇಳದ ಕತ್ತರಿಯ ಕತೆ ಹೇಳಿದಳು. ಮೆಲ್ಲಗೆ, ತಪ್ಪೊಪ್ಪಿಕೊಳ್ಳುವ ಮಗುವಿನಂತೆ, ಕಾಲಿನ ಹೆಬ್ಬೆರಳು ನೋಡುತ್ತ.

"ಆಗೋದು ಆಗಿರುತ್ತೆ ಕಣೆ. ನನಗೇನು ಅಷ್ಟೂ ಗೊತ್ತಿಲ್ವಾ? ಆದ್ರೆ ನಾನು ಅವತ್ತು ಗೊತ್ತಿಲ್ಲ ಅಂದಿದ್ರೆ, ಅವರು ಎಲ್ಲ ಮನೆ ಬಾಗಿಲೂ ಬಡಿದು ಹುಡುಕ್ಕೊಂಡು ಹೋಗಿರೋರು. ಐದು ನಿಮಿಷ ಆಗಿರೋದು. ಐದು ನಿಮಿಷ ಅವಳ ಗಂಡ ಬದುಕಿರ್ತಿದ್ದ. ಆ ಹಾಡಾದ್ರೂ ಮುಗೀತಿತ್ತು."

ಮಾತ್ರೆ ನುಂಗಿದಳು. "ಅವಳ ಕತ್ತರಿ ವಾಪಸ್ ಕೊಡೋಕೆ ನನಗೆ ಮುಖ ಇರ್ಲಿಲ್ಲ."

*

ವ್ಯಾನನ್ನು ಮುಂಬಾಗಿಲಿನ ಬೀದಿಗೆ ತರಿಸಲು ಸ್ಪ್ಯಾನರ್ ಮಾಮ ಹಿಂಬಾಗಿಲಿನಿಂದ ಹೋದ. ಪೆಟ್ಟಿಗೆ ಹಿಡಿಯಲು ಪಕ್ಕದ ಮನೆಯ ಮೂವರು ಗಂಡಸರು ಬಂದರು. ಅಳಿಯ ಅಡ್ಡಪಟ್ಟಿ ಇಳಿಸಿದ. ಮೇಲಿನ ಚಿಲಕಕ್ಕೆ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಬಡಿದ. ಪ್ರತಿ ಏಟಿಗೂ ಸೊಸೆಯ ಭುಜ ಹಾರುತ್ತಿತ್ತು.

"ಕೆಳಗಿಂದು ನಾನೇ ತೆಗೀತೀನಿ ಅಣ್ಣ," ಎಂದಳು.

ಬಗ್ಗಿ ತೆಗೆದಳು. ಬಾಗಿಲಿನ ಒಂದು ರೆಕ್ಕೆ ಕಿರ್ರ್ ಎಂದು ಬಿಚ್ಚಿಕೊಂಡಿತು. ಇನ್ನೊಂದು ಅರ್ಧಕ್ಕೆ ನಿಂತು ಬಿಗಿಯಿತು. ಬೀದಿಯ ಬೆಳಕು ಹಜಾರದ ನೆಲದ ಮೇಲೆ ಬಿತ್ತು. ಹೊರಗೆ ಖಾಲಿ ಮೆಟ್ಟಿಲು, ಖಾಲಿ ಬೀದಿ. ಯಾರೂ ಇರಲಿಲ್ಲ. ಸೊಸೆ ಉಸಿರು ಬಿಟ್ಟಳು.

"ಎತ್ರಪ್ಪಾ!" ಎಂದ ಅಳಿಯ. ತಾನು ಮುಂದಿನ ತುದಿ ಹಿಡಿದು, ಬೀದಿಗೆ ಬೆನ್ನು ಮಾಡಿ, ಹಿಂದು ಹಿಂದಕ್ಕೆ ಹೊಸ್ತಿಲು ದಾಟಿದ. ಪೆಟ್ಟಿಗೆ ಅರ್ಧ ಹೊರಗೆ ಹೋಯಿತು. ಆಗ ಅದರ ಹಿಡಿಕೆ, ತೆರೆಯದ ರೆಕ್ಕೆಯ ಚಿಲಕದ ಕೊಂಡಿಗೆ ಸಿಕ್ಕಿಕೊಂಡಿತು.

ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಹಸಿರು ಬಣ್ಣದ ಜೀಪು ಬಂದು ನಿಂತಿತು.

ಇಬ್ಬರು ಇಳಿದರು. ಇಸ್ತ್ರಿ ಮುರಿಯದ ಸಮವಸ್ತ್ರ. ಮನೆಯ ಕಡೆ ನೋಡಿದರು, ಏನೋ ಮಾತಾಡಿಕೊಂಡರು. ಒಬ್ಬನ ಕೈಯಲ್ಲಿ ಉದ್ದನೆಯ ಲಕೋಟೆ. ನಾಲ್ಕು ಹೆಜ್ಜೆ ಬಂದು, ಇಬ್ಬರೂ ಒಟ್ಟಿಗೆ ಟೋಪಿ ತೆಗೆದರು. ಎಡಗಂಕುಳಲ್ಲಿ ಇಟ್ಟುಕೊಂಡರು.

ಸೊಸೆಯ ಕೈ ತಾನಾಗಿ ಬಾಗಿಲಿಗೆ ಹೋಯಿತು. ತಳ್ಳಿದಳು. ಬಾಗಿಲು ಪೆಟ್ಟಿಗೆಗೆ ತಗುಲಿ ನಿಂತಿತು. ಮತ್ತೆ ತಳ್ಳಿದಳು.

"ಏನ್ ಮಾಡ್ತಿದ್ದೀಯ ತಂಗಿ? ಬೆರಳು ಜಜ್ಜಿ ಹೋಗುತ್ತೆ! ಬಿಡು ಬಾಗಿಲು!" ಅಳಿಯನಿಗೆ ತನ್ನ ಬೆನ್ನ ಹಿಂದೆ ಯಾರು ಬಂದು ನಿಂತಿದ್ದಾರೆಂದು ಗೊತ್ತಿರಲಿಲ್ಲ. "ಅಲ್ಲಾಡ್ಬೇಡಿ ಯಾರೂ. ಕೊಂಡಿ ತೆಗೀಬೇಕು. ಸ್ಕ್ರೂಡ್ರೈವರ್ ಕೊಡಿ."

ಟೈಮ್‌ಕೀಪರಿಗೆ ಕಂಡಿತು. ಸೊಸೆಯ ಮೊಣಕೈ ಹಿಡಿದುಕೊಂಡಳು. ಉಗುರು ನಾಟಿತು.

ಆ ಇಬ್ಬರು ಮೆಟ್ಟಿಲ ಕೆಳಗೆ ನಿಂತರು. ಪೆಟ್ಟಿಗೆ ದಾರಿಗಡ್ಡವಾಗಿತ್ತು, ಒಳಗೆ ಬರುವಂತಿರಲಿಲ್ಲ. ಹೆಣದ ಮುಂದೆ ಮಾತಾಡುವಂತಿಲ್ಲವೆಂದೋ ಏನೋ, ತಲೆ ತಗ್ಗಿಸಿ ಸುಮ್ಮನೆ ನಿಂತರು. ಅಳಿಯ ಒಂದು ಮಂಡಿಯ ಮೇಲೆ ಪೆಟ್ಟಿಗೆಯ ಭಾರ ಹೊತ್ತು, ತುಕ್ಕು ಹಿಡಿದ ತಿರುಪು ತಿರುಗಿಸತೊಡಗಿದ. ಒಂದು. ಅದು ಬರಲಿಲ್ಲ. ಬೈದ. ಮತ್ತೆ ತಿರುಗಿಸಿದ. ಬಂತು. ಎರಡನೆಯದು. ಮುಚ್ಚಳದ ಮೇಲೆ ತುಕ್ಕಿನ ಪುಡಿ ಉದುರಿತು. ಸೊಸೆಯ ಕಣ್ಣು ಆ ಎರಡು ಟೋಪಿಗಳಿಂದ ಕದಲಲಿಲ್ಲ. ಮೂರನೆಯ ತಿರುಪಿನ ತಲೆ ಸವೆದಿತ್ತು. ಆದಷ್ಟು ನಿಧಾನವಾಗಲಿ ಎಂದುಕೊಂಡಳು. ಅದು ಬರದೇ ಹೋಗಲಿ. ಅತ್ತೆ ಹೀಗೇ ಹೊಸ್ತಿಲ ಮೇಲೆ ಮಲಗಿರಲಿ.

ಟಣ್ ಎಂದು ಕೊಂಡಿ ಬಿತ್ತು. ಪೆಟ್ಟಿಗೆ ಹೊರಗೆ ಜಾರಿತು.

"ಅಬ್ಬಾ, ಬರೀ ಐದು ನಿಮಿಷದ ಕೆಲಸ," ಎಂದ ಅಳಿಯ. ತಿರುಗಿದ. ಅವರನ್ನು ನೋಡಿ ಕಲ್ಲಾದ.

ಲಕೋಟೆ ಹಿಡಿದವನು ಮೆಟ್ಟಿಲು ಹತ್ತಿದ. ಚಿಕ್ಕ ವಯಸ್ಸು, ಗಲ್ಲದ ಮೇಲೆ ಕ್ಷೌರದ ಗಾಯ.

"ಸಾರ್ಜೆಂಟ್ ಅವರ ಮನೆ ಇದೇನಾ ಅಮ್ಮ?"

"ಯಾವ ಸಾರ್ಜೆಂಟ್?" ಎಂದಳು ಸೊಸೆ. ಆ ಮನೆಯಲ್ಲಿ ಇಬ್ಬರಿದ್ದರು. ಮಾವ ಒಬ್ಬ, ಗಂಡ ಒಬ್ಬ.

ಅವನು ಲಕೋಟೆ ತಿರುಗಿಸಿ ನೋಡಿದ. ಆ ಒಂದು ಲಕೋಟೆ ತಿರುಗಲು ಎಷ್ಟು ಹೊತ್ತು ಹಿಡಿಯಿತು!

"ದೊಡ್ಡೋರು. ಟ್ರಕ್ ಓಡಿಸ್ತಿದ್ರಲ್ಲ, ಅವರು. ಅವರ ಹೆಂಡ್ತಿ ತೀರ್ಕೊಂಡ್ರು ಅಂತ ಫೋನ್ ಬಂತು. ದಳದಿಂದ ಸಂತಾಪದ ಪತ್ರ, ಹೂವು ತಂದಿದ್ದೀವಿ. ಹೂವು ಜೀಪಲ್ಲಿದೆ."

ವ್ಯಾನು ಬಂದು ನಿಂತಿತು. ಸ್ಪ್ಯಾನರ್ ಮಾಮ ಎರಡೂ ಕೈ ಚಾಚಿಕೊಂಡು ಇಳಿದ. "ಬಂದ್ರಾ! ಬಂದೇ ಬಿಟ್ರಾ! ನಮ್ಮ ಹಳೇ ದಳಕ್ಕೆ ಫೋನ್ ಮಾಡಿದ್ದು ನಾನೇ. ಕಮಾಂಡರ್ ಹೋಗ್ತಿರೋದು, ಎಂಟ್ರಿ ಜೋರಾಗಿರ್ಲಿ ಅಂತ ಯಾರಿಗೂ..." ಎಲ್ಲರ ಮುಖ ನೋಡಿದ. ಚಾಚಿದ ಕೈ ಇಳಿಸಿದ.

"ಮಾಮ," ಎಂದಳು ಟೈಮ್‌ಕೀಪರ್, ಗೋಡೆ ಹಿಡಿದು ಕೂರುತ್ತ, "ಅಮ್ಮ ಇದ್ದಿದ್ರೆ ಇವತ್ತು ನಿಮ್ಮನ್ನ ಆ ಪೆಟ್ಟಿಗೇಲಿ ಹಾಕ್ತಿದ್ಲು."

ಸೊಸೆ ನಗಲಿಲ್ಲ. "ಚಿಕ್ಕೋರ ವಿಷಯ?" ಎಂದು ಆ ಸೈನಿಕನನ್ನು ಕೇಳಿದಳು.

"ಅವರ ವಿಷಯ ನಮಗೇನೂ ಹೇಳಿಲ್ಲಮ್ಮ."

"ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ?"

"ಏನೂ ಇಲ್ಲಮ್ಮ."

"ಹಾಗಾದ್ರೆ ಟೋಪಿ ಹಾಕ್ಕೊಳ್ಳಿ."

ಅವನು ಜೊತೆಗಾರನ ಮುಖ ನೋಡಿದ. "ಸಾವಿನ ಮನೇಲಿ ಹಾಕೋ ಹಾಗಿಲ್ಲ..."

"ಈ ಮನೇಲಿ ಹಾಕ್ಕೋಬೇಕು," ಎಂದಳು. ಧ್ವನಿ ಒಮ್ಮೆಗೇ ಏರಿತು. ಬೀದಿಯಾಚೆಯ ಕಿಟಕಿಗಳು ತೆರೆದವು. "ಹಾಕ್ಕೊಳ್ಳಿ ಅಂದ್ನಲ್ಲ!"

ಹಾಕಿಕೊಂಡರು. ಕೈಜೋಡಿಸಿ ಪೆಟ್ಟಿಗೆ ಎತ್ತಿದರು. ವ್ಯಾನಿನ ತನಕ ಎಲ್ಲರೂ ಬರಿದಲೆಯಲ್ಲಿ ನಡೆದರು, ಆ ಇಬ್ಬರನ್ನು ಬಿಟ್ಟು.

"ಬಾರೇ, ಹತ್ತು," ಎಂದು ಕರೆದಳು ಟೈಮ್‌ಕೀಪರ್.

"ನೀವು ಹೋಗ್ಬನ್ನಿ ಅತ್ತಿಗೆ. ಮನೇಲಿ ಯಾರಾದ್ರೂ ಇರ್ಬೇಕು."

ಅತ್ತಿಗೆ ಒತ್ತಾಯ ಮಾಡಲಿಲ್ಲ. ವ್ಯಾನು ತಿರುವು ದಾಟಿತು, ಹಿಂದೆ ಜೀಪೂ.

ಸೊಸೆ ಬಾಗಿಲು ಮುಚ್ಚಲು ಹೋದಳು. ಮುಚ್ಚಲಿಲ್ಲ. ಇಟ್ಟಿಗೆಯಿಲ್ಲದ ಟ್ರಂಕು ಈಗ ಹಗುರವಾಗಿತ್ತು. ಅದನ್ನು ಹೊಸ್ತಿಲ ತನಕ ಎಳೆದುಕೊಂಡು, ಬೀದಿಗೆ ಮುಖ ಮಾಡಿ ಕುಳಿತಳು. ಮಡಿಲಲ್ಲಿ ಫೋನು, ಕೈಯಲ್ಲಿ ಕತ್ತರಿ.

ತಿರುವಿನಲ್ಲಿ ಒಂದು ಸೈಕಲ್ಲು ಬಂತು. ಹಾಲಿನವನು. ತಲೆಯ ಮೇಲೆ ಹಳೆಯ ಬಟ್ಟೆಯ ಟೋಪಿ. ಮನೆಯ ಎದುರಿಗೆ ಬಂದಾಗ ಕಾಲು ನೆಲಕ್ಕೂರಿ ನಿಂತ. ಬೆವರು ಒರೆಸಿಕೊಳ್ಳಲು ಟೋಪಿ ತೆಗೆದ.

ಅವಳು ಎದ್ದು ನಿಂತಳು.

ಅವನು ಹಣೆ ಒರೆಸಿದ, ಕತ್ತು ಒರೆಸಿದ, ಟೋಪಿ ಕೊಡವಿದ. ಮತ್ತೆ ಹಾಕಿಕೊಂಡು ಪೆಡಲು ತುಳಿದ.

ಅವಳು ಕುಳಿತಳು.